ವಾಡಿಯಿಂದ ವಡಾಲಕ್ಕೆ: ಹರಳೆಣ್ಣೆ ನಡೆದ ದಾರಿ

ಹರಳೆಣ್ಣೆ ಎಂದರೆ ಹೆಚ್ಚಿನ ಕನ್ನಡಿಗರಿಗೆ ನೆನಪಾಗುವುದು ಎರಡು ಸಂಗತಿ. ಒಂದು, ಎಣ್ಣೆಸ್ನಾನದ ದಿನ ನೆತ್ತಿಗೆ ತಟ್ಟಿದ ತಂಪು. ಇನ್ನೊಂದು, ಮೂಗು ಹಿಡಿದು ನುಂಗಿದ ಒಂದು ಚಮಚ ಮತ್ತು ಅದರ ನಂತರದ ಇಡೀ ದಿನ. ‘ಹರಳೆಣ್ಣೆ ಕುಡಿದ ಮುಖ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ. ಈ ಎಣ್ಣೆಗೆ ಮೂರನೆಯ ಚರಿತ್ರೆಯೊಂದಿದೆ. ಅದು ಎತ್ತಿನಗಾಡಿಯ ಅಚ್ಚಿನಿಂದ ಶುರುವಾಗಿ, ಮೊದಲ ಮಹಾಯುದ್ಧದ ವಿಮಾನಗಳಿಗೆ ಹಾರಿ, ಟೂ-ಸ್ಟ್ರೋಕ್ ಎಂಜಿನ್ನಿನ ಹೊಸ್ತಿಲಿನವರೆಗೆ ಬಂದು ಅಲ್ಲಿ ಎಡವುತ್ತದೆ. ಆ ದಾರಿ ಕನ್ನಡನಾಡಿನ ವಾಡಿ ಜಂಕ್ಷನ್ನನ್ನೂ ಮುಂಬಯಿಯ ವಡಾಲವನ್ನೂ ಹಾದುಹೋಗುತ್ತದೆ.

ಮೊದಲು ಹೆಸರು. ದಕ್ಷಿಣದಲ್ಲಿ ಇದು ಹರಳು, ಆಡುಮಾತಿನಲ್ಲಿ ‘ಹಳ್ಳೆಣ್ಣೆ’. ಉತ್ತರ ಕರ್ನಾಟಕದಲ್ಲಿ ಔಡಲ. ಹಳಗನ್ನಡದ ‘ಪರಳ್’ ಎಂಬುದೇ ಪಕಾರ ಹಕಾರವಾಗಿ ‘ಹರಳು’ ಆಗಿದೆ. ಕಲ್ಲಿನ ಚೂರು, ಉಂಗುರದ ಮಣಿ, ಬೀಜ ಎಲ್ಲಕ್ಕೂ ಅದೇ ಮಾತು. ನುಣುಪಾದ, ಚುಕ್ಕೆಚುಕ್ಕೆಯ ಈ ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡಿದವರಿಗೆ ಆ ಹೆಸರು ಯಾಕೆಂದು ಹೇಳಬೇಕಿಲ್ಲ. ಅದೇ ಬೀಜ ರೋಮನ್ನರ ಕಣ್ಣಿಗೆ ಉಣ್ಣೆಯಂತೆ ಕಂಡಿತು. ಲ್ಯಾಟಿನ್ನಿನ ‘ರಿಸಿನಸ್’ ಎಂದರೆ ಉಣ್ಣೆಹುಳು. ಮರಾಠಿಯಲ್ಲಿ ಇದು ಎರಂಡೇಲ, ತೆಲುಗಿನಲ್ಲಿ ಆಮುದಮು, ತಮಿಳಿನಲ್ಲಿ ಆಮಣಕ್ಕು. ಗುಜರಾತಿಯಲ್ಲಿ ‘ದಿವೇಲ್’, ಅಂದರೆ ದೀಪದ ಎಣ್ಣೆ. ಒಂದೊಂದು ಭಾಷೆ ಒಂದೊಂದು ಕಡೆಯಿಂದ ಅದನ್ನು ಹಿಡಿದಿದೆ. ಈ ಭಾಷೆಗಳನ್ನೆಲ್ಲ ಒಂದೇ ಬೀದಿಯಲ್ಲಿ ಕೇಳಬಹುದಾದ ಜಾಗಗಳಲ್ಲಿ ವಡಾಲವೂ ಒಂದು. ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ ಇರುವುದೂ ಅಲ್ಲೇ. ಔಡಲ, ವಡಾಲ ಎಂಬೆರಡು ಹೆಸರು ಕಿವಿಗೆ ಹತ್ತಿರ ಕೇಳಿಸುವುದು ಆಕಸ್ಮಿಕವಷ್ಟೇ. ಊರಿನ ಹೆಸರನ್ನು ಮರಾಠಿಯ ‘ವಡ’, ಅಂದರೆ ಆಲದ ಮರಕ್ಕೆ ಸೇರಿಸುವುದು ವಾಡಿಕೆ.

ಅಚ್ಚು, ದೀಪ, ನೆತ್ತಿ

ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಹರಳು ಎಂದೂ ಮುಖ್ಯ ಬೆಳೆಯಾಗಿರಲಿಲ್ಲ. ಅವರೆ, ಹುಚ್ಚೆಳ್ಳಿನ ಜೊತೆ ಅಕ್ಕಡಿ ಸಾಲಿನಲ್ಲಿ ಅಥವಾ ಬದುವಿನ ಅಂಚಿನಲ್ಲಿ ಅದು ತಾನೇ ಬೆಳೆದುಕೊಳ್ಳುತ್ತಿತ್ತು. ದನ ಮೇಯುವುದಿಲ್ಲ, ಮಳೆ ಕೈಕೊಟ್ಟರೂ ಗಿಡ ಸಾಯುವುದಿಲ್ಲ. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ವರದಿಯಲ್ಲಿ ಹರಳಿನ ಬಗ್ಗೆಯೂ ಬರೆದಿದ್ದಾನೆ. ಎಣ್ಣೆ ತೆಗೆಯುವುದು ಬಹಳ ಕಡೆ ಹೆಂಗಸರ ಕೆಲಸವಾಗಿತ್ತು. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ತೆಗೆಯುವುದು. ಗಾಣವೂ ಬೇಕಿರಲಿಲ್ಲ.

ಹೀಗೆ ಬಂದ ಎಣ್ಣೆ ದೀಪಕ್ಕೆ, ತಲೆಗೆ, ಹೊಟ್ಟೆಗೆ ಮತ್ತು ಗಾಡಿಗೆ ಹಂಚಿಹೋಗುತ್ತಿತ್ತು. ಗಾಡಿಯ ಅಚ್ಚಿಗೆ ಹಾಕುವುದಕ್ಕೆ ಕನ್ನಡದಲ್ಲಿ ‘ಕೀಲೆಣ್ಣೆ’ ಎಂಬ ಪ್ರತ್ಯೇಕ ಪದವೇ ಇದೆ. ಕೀಲೆಣ್ಣೆಯಾಗಿ ಹರಳೆಣ್ಣೆಯನ್ನೇ ಹೆಚ್ಚಾಗಿ ಬಳಸುತ್ತಿದ್ದುದಕ್ಕೆ ಕಾರಣ ಸರಳ: ಅದು ಬೇರೆಲ್ಲ ಎಣ್ಣೆಗಳಿಗಿಂತ ದಪ್ಪ, ಮತ್ತು ಉಜ್ಜಿದರೂ ಬಿಟ್ಟುಹೋಗುವುದಿಲ್ಲ.

ಆ ಅಂಟುಗುಣದ ಗುಟ್ಟು ಹತ್ತೊಂಬತ್ತನೇ ಶತಮಾನದ ರಸಾಯನಶಾಸ್ತ್ರಕ್ಕೆ ಸಿಕ್ಕಿತು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲ. ಬೇರೆ ಯಾವ ಸಾಮಾನ್ಯ ಎಣ್ಣೆಯಲ್ಲೂ ಇದು ಈ ಪ್ರಮಾಣದಲ್ಲಿಲ್ಲ. ಹದಿನೆಂಟು ಕಾರ್ಬನ್ನುಗಳ ಅದರ ಸರಪಳಿಯಲ್ಲಿ ಹನ್ನೆರಡನೆಯದಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿರುತ್ತದೆ. ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವುದು, ಲೋಹದ ಮೈಗೆ ಕಚ್ಚಿಕೊಳ್ಳುವುದು ಈ ಒಂದು ಕೊಕ್ಕೆಯಿಂದ. 40 ಡಿಗ್ರಿ ಬಿಸಿಯಲ್ಲಿ ಹರಳೆಣ್ಣೆಯ ಸ್ನಿಗ್ಧತೆ ಸುಮಾರು 250 ಸೆಂಟಿಸ್ಟೋಕ್. ನಮ್ಮ ಅಡುಗೆ ಎಣ್ಣೆಗಳಲ್ಲಿ ಹೆಚ್ಚಿನವು ಅದರ ಆರನೇ ಒಂದು ಪಾಲಿನ ಆಸುಪಾಸಿನಲ್ಲಿರುತ್ತವೆ. ಇದೇ ಕೊಕ್ಕೆಯಿಂದ ಇನ್ನೊಂದು ಪರಿಣಾಮವೂ ಇದೆ: ಹರಳೆಣ್ಣೆ ಮದ್ಯಸಾರದಲ್ಲಿ ಸಲೀಸಾಗಿ ಕರಗುತ್ತದೆ, ಪೆಟ್ರೋಲಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮುಂದಿನ ಕಥೆಯೆಲ್ಲ ಈ ಒಂದು ಗುಣದ ಸುತ್ತ ತಿರುಗುತ್ತದೆ.

ಬೀಜ ಹೊರಟ ದಾರಿ

ಗಾಡಿಯಿಂದ ರೈಲಿಗೆ ಹರಳೆಣ್ಣೆ ಸುಲಭವಾಗಿ ದಾಟಿತು. ಹತ್ತೊಂಬತ್ತನೇ ಶತಮಾನದ ಭಾರತೀಯ ರೈಲುಗಳು ದೀಪಕ್ಕೂ ಅಚ್ಚಿಗೂ ಅದನ್ನು ಬಳಸುತ್ತಿದ್ದವು. ಅದೇ ರೈಲು ಬೀಜವನ್ನು ಹೊರದೇಶಕ್ಕೆ ಸಾಗಿಸುವ ದಾರಿಯೂ ಆಯಿತು. ಆ ಕಾಲದಲ್ಲಿ ಹರಳು ಬೆಳೆಯುವ ಪ್ರದೇಶಗಳಲ್ಲಿ ಹೈದರಾಬಾದ್ ಸಂಸ್ಥಾನ ಮುಂಚೂಣಿಯಲ್ಲಿತ್ತು. 1874ರಲ್ಲಿ ನಿಜಾಮರ ರೈಲುದಾರಿ ಸಿಕಂದರಾಬಾದಿನಿಂದ ಬಂದು ಈಗಿನ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಜಿಐಪಿ ರೈಲ್ವೆಯ ಬಾಂಬೆ ಮಾರ್ಗವನ್ನು ಕೂಡಿತು. ಅಲ್ಲಿಂದ ಮುಂದೆ ಸಂಸ್ಥಾನದ ಎಣ್ಣೆಕಾಳಿಗೆ ಬಾಂಬೆಯೇ ಸಹಜ ಬಂದರು.

ಬಂದರೂ ಆಗ ಬೆಳೆಯುತ್ತಿತ್ತು. ಮಜಗಾಂವ್–ಸಿವ್ರಿ ನಡುವೆ ಸಮುದ್ರ ತುಂಬಿಸಿ ಹತ್ತಿ, ಕಾಳಿನ ಡಿಪೊಗಳಿಗೆ ನೆಲ ಮಾಡಲಾಯಿತು. 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ (ಈಗಿನ ಇಂದಿರಾ ಡಾಕ್) ತೆರೆಯಿತು. 1915ರ ಜನವರಿಯಲ್ಲಿ ಬಾಂಬೆ ಪೋರ್ಟ್ ಟ್ರಸ್ಟ್ ತನ್ನದೇ ರೈಲುದಾರಿ ಆರಂಭಿಸಿತು. ಅದರ ಒಂದು ತುದಿ ಬಲ್ಲಾರ್ಡ್ ಪಿಯರ್, ಇನ್ನೊಂದು ತುದಿ ವಡಾಲ. ಒಳನಾಡಿನ ದೊಡ್ಡ ರೈಲು ಕಂಪನಿಗಳ ಸರಕು ವ್ಯಾಗನ್ನುಗಳು ಬಂದರಿನ ರೈಲಿನ ವಶಕ್ಕೆ ಬರುತ್ತಿದ್ದುದು ವಡಾಲದ ಯಾರ್ಡಿನಲ್ಲಿ. ಆಗ ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿ ಕೆಲವೇ ತಿಂಗಳಾಗಿತ್ತು. ಯುದ್ಧಕ್ಕೆ ಹರಳು ಬೇಕಿತ್ತು.

ಬೇಕಾದದ್ದು ಯಾಕೆಂದರೆ, ಆ ಕಾಲದ ವಿಮಾನಗಳಲ್ಲಿ ಬಹಳಷ್ಟು ‘ರೋಟರಿ’ ಎಂಜಿನ್ನಿನವು. ಫ್ರಾನ್ಸಿನ ಸೆಗಿನ್ ಸೋದರರ ‘ನೋಮ್’ ಎಂಜಿನ್ ಈ ಜಾತಿಯ ಮೊದಲ ದೊಡ್ಡ ಯಶಸ್ಸು. ಇದರಲ್ಲಿ ನಡುವಿನ ದಂಡ ನಿಂತಿರುತ್ತದೆ, ಸಿಲಿಂಡರುಗಳೇ ರೆಕ್ಕೆಯೊಂದಿಗೆ ಸುತ್ತುತ್ತವೆ. ಪೆಟ್ರೋಲು–ಗಾಳಿಯ ಮಿಶ್ರಣ ಎಂಜಿನ್ನಿನ ಹೊಟ್ಟೆಯ ಮೂಲಕವೇ, ಅಂದರೆ ಬೇರಿಂಗುಗಳು ಇರುವ ಜಾಗದ ಮೂಲಕವೇ ಸಿಲಿಂಡರಿಗೆ ಹೋಗಬೇಕು. ಅಲ್ಲಿ ಖನಿಜ ತೈಲ ಹಾಕಿದರೆ ಪೆಟ್ರೋಲು ಅದನ್ನು ಕರಗಿಸಿ ತೊಳೆದುಬಿಡುತ್ತದೆ. ಪೆಟ್ರೋಲಿನಲ್ಲಿ ಕರಗಲು ಒಲ್ಲದ ಹರಳೆಣ್ಣೆ ಲೋಹದ ಮೇಲೆ ಉಳಿಯುತ್ತದೆ. ಕೆಲಸ ಮುಗಿದ ಎಣ್ಣೆ ಮರಳಿ ಬರುವುದಿಲ್ಲ. ಅರೆಬೆಂದು ಹೊಗೆಯೊಡನೆ ಹೊರಗೆ ಸಿಡಿಯುತ್ತದೆ. ಅದು ಪೈಲಟ್ಟಿನ ಮುಖಕ್ಕೇ ರಾಚುತ್ತಿತ್ತು. ಆ ಆವಿ ಕುಡಿದು ಹಾರಾಟ ಮುಗಿಸಿದವರ ಹೊಟ್ಟೆಯ ಪಾಡಿನ ಕಥೆಗಳು ಇನ್ನೂ ಓಡಾಡುತ್ತವೆ. ನಮ್ಮ ಅಜ್ಜಿಯರಿಗೆ ಅದರಲ್ಲಿ ಅಚ್ಚರಿಯೇನೂ ಕಾಣುತ್ತಿರಲಿಲ್ಲ. 1917ರಲ್ಲಿ ರಾಯಲ್ ಫ್ಲೈಯಿಂಗ್ ಕೋರ್‌ನ 28ನೇ ಸ್ಕ್ವಾಡ್ರನ್ನಿನಲ್ಲಿ ಸೋಪ್‌ವಿತ್ ಕ್ಯಾಮೆಲ್ ಹಾರಿಸಿದ ಹರ್ದಿತ್ ಸಿಂಗ್ ಮಲಿಕ್ ಕೂಡ ಇದೇ ಬಗೆಯ ಎಂಜಿನ್ನಿನ ಹಿಂದೆ ಕೂತಿದ್ದವರು.

ಬ್ರಿಟನ್ನಿನ ಹರಳಿನ ದೊಡ್ಡ ಪಾಲು ಭಾರತದಿಂದ ಹೋಗುತ್ತಿತ್ತು. ಯುದ್ಧಕ್ಕೆ ತಡವಾಗಿ ಸೇರಿದ ಅಮೆರಿಕಕ್ಕೆ ಇದೇ ಚಿಂತೆ ಹತ್ತಿತು. ಏಷ್ಯಾದಿಂದ ಬಿತ್ತನೆ ಬೀಜ ತರಿಸಿ ತನ್ನ ನೆಲದಲ್ಲಿ ಸುಮಾರು ಒಂದು ಲಕ್ಷ ಎಕರೆ ಹರಳು ಬೆಳೆಸುವ ಯೋಜನೆಯನ್ನು ಅದು 1918ರಲ್ಲಿ ಕೈಗೆತ್ತಿಕೊಂಡಿತು. ನಮ್ಮಲ್ಲಿ ಬದುವಿಗೆ ಬಿಟ್ಟ ಗಿಡ ಅಲ್ಲಿ ಸೇನಾ ಸಾಮಗ್ರಿಯಾಗಿತ್ತು. ವಾಡಿಯ ಕಡೆಯಿಂದ ಬಂದ ಚೀಲ ವಡಾಲ ದಾಟುವಾಗ ಅದರ ಬೆಲೆ ಎಷ್ಟು, ಅದು ಯಾರ ಕೈಗೆ ಸೇರುತ್ತದೆ ಎಂಬುದು ಬೆಳೆದವನ ಕೈಯಲ್ಲಿರಲಿಲ್ಲ. ವ್ಯಾಪಾರದ ಭಾಷೆಯಲ್ಲಿ ಆ ಸರಕಿಗೆ ಊರು, ಹೊಲದ ಹೆಸರಿರಲಿಲ್ಲ. ಅದು ‘ಬಾಂಬೆ’ ಹರಳು.

ಹೆಸರು ಉಳಿಯಿತು, ಎಣ್ಣೆ ಹೋಯಿತು

ಯುದ್ಧಕ್ಕೂ ಮುಂಚೆ, 1909ರಲ್ಲಿ, ಲಂಡನ್ನಿನ ಸಿ. ಸಿ. ವೇಕ್‌ಫೀಲ್ಡ್ ಕಂಪನಿ ಹೊಸ ಎಣ್ಣೆಯೊಂದನ್ನು ಮಾರುಕಟ್ಟೆಗೆ ತಂದಿತ್ತು. 1899ರಲ್ಲಿ ಚಾರ್ಲ್ಸ್ ಚಿಯರ್ಸ್ ವೇಕ್‌ಫೀಲ್ಡ್ ಶುರು ಮಾಡಿದ ಈ ಕಂಪನಿ ಮೊದಲು ರೈಲು ಮತ್ತು ಭಾರೀ ಯಂತ್ರಗಳಿಗೆ ಎಣ್ಣೆ ಮಾರುತ್ತಿತ್ತು. ಮೋಟಾರು, ವಿಮಾನಗಳಿಗೆಂದು ಅದು ಹರಳೆಣ್ಣೆ ಬೆರೆಸಿ ಮಾಡಿದ ಎಣ್ಣೆಗೆ ಇಟ್ಟ ಹೆಸರು ‘ಕ್ಯಾಸ್ಟ್ರಾಲ್’: ‘ಕ್ಯಾಸ್ಟರ್’ ಮತ್ತು ‘ಆಯಿಲ್’ ಎರಡನ್ನೂ ಒತ್ತಿ ಮಾಡಿದ ಪದ. 1910ರ ಹೊತ್ತಿಗೆ ಈ ಕಂಪನಿಯ ಎಣ್ಣೆಗಳು ಭಾರತಕ್ಕೂ ಬರತೊಡಗಿದವು. ಮುಂದೆ ಅದರ ಭಾರತೀಯ ಕಂಪನಿ 1979ರಲ್ಲಿ ನೋಂದಣಿಯಾದಾಗ ಹೆಸರು ‘ಇಂಡ್ರಾಲ್’ ಎಂದಾಗಿತ್ತು. 1990ರಲ್ಲಿ ಅದು ಮತ್ತೆ ಕ್ಯಾಸ್ಟ್ರಾಲ್ ಆಯಿತು. ಒಂದೇ ಪದದೊಳಗೆ ಹರಳು ಹೋಗಿ ದೇಶ ಬಂತು, ದೇಶ ಹೋಗಿ ಹರಳು ಬಂತು. ಡಬ್ಬಿಯೊಳಗಿನ ಸಾಮಾನ್ಯ ಎಂಜಿನ್ ಆಯಿಲಿನಲ್ಲಿ ಮಾತ್ರ ಆ ಹೊತ್ತಿಗೆ ಹರಳು ಉಳಿದಿರಲಿಲ್ಲ.

ಅದು ಯಾಕೆ ಹೋಯಿತು? 1920ರ ದಶಕದಲ್ಲಿ ರೋಟರಿ ಎಂಜಿನ್ನುಗಳ ಕಾಲ ಮುಗಿಯಿತು. ಹೊಸ ಎಂಜಿನ್ನುಗಳು ಎಣ್ಣೆಯನ್ನು ಒಮ್ಮೆ ಬಳಸಿ ಎಸೆಯುತ್ತಿರಲಿಲ್ಲ, ಒಳಗೇ ಸುತ್ತಿಸುತ್ತಿದ್ದವು. ಬಿಸಿಯಲ್ಲಿ ಮತ್ತೆಮತ್ತೆ ಸುತ್ತಿದ ಹರಳೆಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗೋಂದಾಗುತ್ತದೆ, ಪಿಸ್ಟನ್ನಿನ ಉಂಗುರಗಳನ್ನು ಕಚ್ಚಿ ಹಿಡಿಯುತ್ತದೆ. ಖನಿಜ ತೈಲ ಅಗ್ಗ, ಬೇಕಾದಷ್ಟು ಸಿಗುತ್ತದೆ, ಅಷ್ಟು ಬೇಗ ಕೆಡುವುದಿಲ್ಲ. ಹರಳೆಣ್ಣೆ ರೇಸಿನ ಮೈದಾನಕ್ಕೆ ಸರಿಯಿತು. ಓಟ ಮುಗಿದ ಕೂಡಲೇ ಎಂಜಿನ್ ಬಿಚ್ಚಿ ತೊಳೆಯುವವರಿಗೆ ಗೋಂದಿನ ಭಯವಿಲ್ಲ. ‘ಕ್ಯಾಸ್ಟ್ರಾಲ್ ಆರ್’ ಎಂಬ ರೇಸ್ ಎಣ್ಣೆಯ ಸಿಹಿ ಹೊಗೆಯ ವಾಸನೆಗೆ ಇಂದಿಗೂ ಅಭಿಮಾನಿಗಳಿದ್ದಾರೆ.

ಟೂ-ಸ್ಟ್ರೋಕ್ ಎದುರು

ಎಣ್ಣೆಯನ್ನು ಒಮ್ಮೆ ಬಳಸಿ ಸುಟ್ಟುಬಿಡುವ ಇನ್ನೊಂದು ಎಂಜಿನ್ ಮಾತ್ರ ಉಳಿದಿತ್ತು. ಇಂಗ್ಲೆಂಡಿನ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ಟೂ-ಸ್ಟ್ರೋಕ್ ಎಂಜಿನ್ನಿನಲ್ಲೂ ಪೆಟ್ರೋಲು ಮಿಶ್ರಣ ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಮೇಲೆ ಹೋಗುತ್ತದೆ. ರೋಟರಿಗೂ ಇದಕ್ಕೂ ಈ ಮಟ್ಟಿಗೆ ಬಂಧುತ್ವವಿದೆ. ಹಾಗಿದ್ದರೆ ಹರಳೆಣ್ಣೆ ಇಲ್ಲಿ ರಾಜನಾಗಬೇಕಿತ್ತಲ್ಲವೇ?

ಆಗಲಿಲ್ಲ. ಮೊದಲ ಟೂ-ಸ್ಟ್ರೋಕ್ ಬೈಕುಗಳಲ್ಲಿ ಎಣ್ಣೆಗೆ ಬೇರೆ ಪಂಪು ಅಥವಾ ತೊಟ್ಟಿಕ್ಕುವ ನಳಿಕೆ ಇರುತ್ತಿತ್ತು. ಜನಸಾಮಾನ್ಯರ ಗಾಡಿಗೆ ಅದು ದುಬಾರಿ. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಟ್ಯಾಂಕಿಗೆ ಸುರಿಯುವುದು ಸುಲಭದ ದಾರಿಯಾಯಿತು. ಆ ದಾರಿಯಲ್ಲಿ ಎಣ್ಣೆ ಪೆಟ್ರೋಲಿನಲ್ಲಿ ಕರಗಲೇಬೇಕು. ಕರಗದೆ ಅಡಿಗಿಳಿದರೆ ಮೊದಲು ಕಾರ್ಬ್ಯುರೇಟರಿಗೆ ಬರಿಯ ಎಣ್ಣೆ ಹೋಗುತ್ತದೆ, ಆಮೇಲೆ ಎಂಜಿನ್ನಿಗೆ ಎಣ್ಣೆಯಿಲ್ಲದ ಪೆಟ್ರೋಲು ಹೋಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ರೋಟರಿಯಲ್ಲಿ ಹರಳೆಣ್ಣೆಯನ್ನು ಗೆಲ್ಲಿಸಿದ ಗುಣವೇ ಇಲ್ಲಿ ಅದನ್ನು ಸೋಲಿಸಿತು.

ಒಂದು ಕಡೆ ಮಾತ್ರ ಅದು ಸೋಲಲಿಲ್ಲ. ಆಟಿಕೆ ವಿಮಾನಗಳ ಪುಟ್ಟ ಎಂಜಿನ್ನುಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್. ಅವುಗಳ ಇಂಧನ ಮೆಥನಾಲ್. ಮದ್ಯಸಾರದಲ್ಲಿ ಹರಳೆಣ್ಣೆ ಚೆನ್ನಾಗಿ ಕರಗುತ್ತದೆ. ‘ಡೀಸೆಲ್’ ಎಂದು ಕರೆಯುವ ಇನ್ನೊಂದು ಜಾತಿಯ ಮಾದರಿ ಎಂಜಿನ್ನಿಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಹೆಚ್ಚುಕಡಿಮೆ ಸಮಪಾಲು ಬೆರೆಸುತ್ತಾರೆ. ಎನ್‌ಸಿಸಿಯ ವಾಯುದಳದಲ್ಲಿ ಮಾದರಿ ವಿಮಾನ ಹಾರಿಸಿದವರ ಬೆರಳಿಗೆ ಅಂಟಿದ ಜಿಡ್ಡು ಈ ಎಣ್ಣೆಯದು.

ಹೊಗೆಯ ದಶಕಗಳು

ಭಾರತದಲ್ಲಿ ಟೂ-ಸ್ಟ್ರೋಕ್ ಯುಗ ಬಂದದ್ದು ಸ್ವಾತಂತ್ರ್ಯದ ನಂತರ. ವಡಾಲದಿಂದ ದೂರವಿಲ್ಲದ ಭಾಂಡೂಪಿನಲ್ಲಿ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಲ್ಯಾಂಬ್ರೆಟ್ಟಾ ಸ್ಕೂಟರು ಜೋಡಿಸಿತು. ಪುಣೆಯಲ್ಲಿ ಬಜಾಜ್ ವೆಸ್ಪಾ ತಯಾರಿಸಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ, 1973ರಿಂದ ಯೆಜ್ಡಿ ಹೊರಬಂದವು. ಕನ್ನಡಿಗರೂ ಬಹಳಷ್ಟಿರುವ ಹೊಸೂರಿನಿಂದ 1980ರಲ್ಲಿ ಟಿವಿಎಸ್ 50 ಬಂತು. 1985ರಲ್ಲಿ ಯಮಾಹಾ ಆರ್‌ಎಕ್ಸ್ 100 ಬಂತು. ಅದಕ್ಕೆ ಎಣ್ಣೆಯದೇ ಬೇರೆ ಟ್ಯಾಂಕಿತ್ತು. ಉಳಿದವುಗಳಲ್ಲಿ ಹೆಚ್ಚಿನವರು ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ, ಲೀಟರಿಗೆ 20ರಿಂದ 40 ಮಿಲಿಲೀಟರ್ ಲೆಕ್ಕದಲ್ಲಿ ಎಣ್ಣೆ ಸುರಿಸಿಕೊಂಡು, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಹೊರಡುತ್ತಿದ್ದರು.

ಸುರಿಯುತ್ತಿದ್ದ ಆ ಎಣ್ಣೆ ಖನಿಜ ತೈಲ. ಅದು ಬರುತ್ತಿದ್ದ ದಾರಿಯನ್ನು ನೋಡಿದರೆ ವಡಾಲದ ಚಿತ್ರ ತಿರುವುಮುರುವಾಗಿರುವುದು ಕಾಣುತ್ತದೆ. ಪಕ್ಕದ ಟ್ರಾಂಬೆ–ಮಾಹುಲ್‌ನಲ್ಲಿ 1954ರಲ್ಲಿ ಒಂದು, 1955ರಲ್ಲಿ ಇನ್ನೊಂದು ತೈಲ ಶುದ್ಧೀಕರಣಾಗಾರ ಶುರುವಾದವು. ಎಸ್ಸೊ ಮತ್ತು ಭಾರತ ಸರ್ಕಾರ ಸೇರಿ ಲ್ಯೂಬ್ ಇಂಡಿಯಾ ಎಂಬ ಕಂಪನಿಯ ಹೆಸರಿನಲ್ಲಿ ಲೂಬ್ರಿಕೆಂಟಿಗೆಂದೇ ಒಂದು ಘಟಕ ಕಟ್ಟಿದವು. 1974ರಲ್ಲಿ ಅದು ಹಿಂದೂಸ್ತಾನ್ ಪೆಟ್ರೋಲಿಯಮ್ ಭಾಗವಾಯಿತು. ಸಿವ್ರಿ–ವಡಾಲ ಪಟ್ಟಿಯ ಬಂದರು ನೆಲದಲ್ಲಿ ತೈಲ ಡಿಪೊಗಳು ಎದ್ದವು. ಎಂಜಿನ್ನಿಗೆ ಬೇಕಾದ ಬೀಜ ಹಿಂದೆ ಹೊರಗೆ ಹೋಗುತ್ತಿದ್ದ ದಾರಿಯಲ್ಲಿ ಈಗ ಎಂಜಿನ್ನಿಗೆ ಬೇಕಾದ ತೈಲ ಒಳಗೆ ಬರುತ್ತಿತ್ತು.

ಆ ತೈಲದ ಬೆಲೆಯನ್ನು ಊರು ತನ್ನ ಶ್ವಾಸಕೋಶದಿಂದ ಕೊಟ್ಟಿತು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನದ ಶೇಕಡಾ 15ರಿಂದ 35ರಷ್ಟು ಉರಿಯದೇ ಹೊಗೆಕೊಳವೆಯಿಂದ ಹೊರಬೀಳಬಹುದು. ಅದರ ಜೊತೆ ಅರೆಬೆಂದ ಎಣ್ಣೆಯ ಹನಿಗಳು ನೀಲಿ ಹೊಗೆಯಾಗುತ್ತವೆ. ಬಾಡಿಗೆ ಆಟೊ ಓಡಿಸುವವನಿಗೆ ಎಂಜಿನ್ ಕಚ್ಚಿಕೊಂಡರೆ ಹಲವು ದಿನದ ಗಳಿಕೆ ಹೋದಂತೆ. ಹಾಗಾಗಿ ಬಿಡಿಯಾಗಿ ಸಿಗುವ ಅಗ್ಗದ ಎಣ್ಣೆಯನ್ನು, ಬೇಕಾದ್ದಕ್ಕಿಂತ ಒಂದು ಗುಟುಕು ಹೆಚ್ಚಿಗೇ ಹಾಕುವುದು ಅವನ ಲೆಕ್ಕದಲ್ಲಿ ಜಾಣತನ. ಹೊಗೆಯನ್ನು ಮೊದಲು ಉಸಿರಾಡುವವನೂ ಅವನೇ.

1999ರಲ್ಲಿ ‘ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಮ್’ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಆ ಮೊಕದ್ದಮೆಯ ಆದೇಶಗಳಿಂದ ನಗರದ ಹಳೆಯ ಟ್ಯಾಕ್ಸಿ, ಆಟೊಗಳು ಸಿಎನ್‌ಜಿಯತ್ತ ಹೊರಳಿದವು. ಅದೇ ಹೊತ್ತಿಗೆ ದೇಶದಲ್ಲಿ ಕಡಿಮೆ ಹೊಗೆಯ ಟೂ-ಟಿ ಎಣ್ಣೆ ಕಡ್ಡಾಯವಾಯಿತು. ದಟ್ಟ ಖನಿಜ ತೈಲದ ಒಂದು ಭಾಗವನ್ನು ತೆಗೆದು ಪಾಲಿಐಸೊಬ್ಯುಟಿನ್ ಎಂಬ ಕೃತಕ ವಸ್ತುವನ್ನು ಸೇರಿಸುವುದು ಅದರ ಮುಖ್ಯ ಉಪಾಯ. ಮುಂದಿನ ವರ್ಷಗಳಲ್ಲಿ ಹೊಗೆಯ ಮಿತಿಗಳು ಬಿಗಿಯಾದಂತೆ ಟೂ-ಸ್ಟ್ರೋಕ್ ಗಾಡಿಗಳೇ ಅಂಗಡಿಯಿಂದ ಮಾಯವಾದವು. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು.

ಈಗ ಹಳೆಯ ಯೆಜ್ಡಿ, ಆರ್‌ಎಕ್ಸ್‌ಗಳನ್ನು ಪ್ರೀತಿಯಿಂದ ಮರುಕಟ್ಟುವವರ ನಡುವೆ ‘ಒಂದಿಷ್ಟು ಹರಳೆಣ್ಣೆ ಹಾಕಿ ನೋಡಿ’ ಎಂಬ ಸಲಹೆ ಮತ್ತೆ ಕೇಳಿಬರುತ್ತದೆ. ಸಸ್ಯಜನ್ಯ, ಸ್ವದೇಶಿ, ಸುವಾಸನೆ ಎಂಬ ಆಕರ್ಷಣೆ ಸಹಜ. ಆದರೆ ಔಷಧಿ ಅಂಗಡಿಯ ಶೀಶೆಯಲ್ಲಿರುವುದು ರೇಸಿನ ಎಣ್ಣೆಯಲ್ಲ. ಗೋಂದು ಕಳೆದು, ಕರಗುವ ವಸ್ತು ಸೇರಿಸಿದ ಎಣ್ಣೆ ಬೇರೆ. ನೆತ್ತಿಗೆ ಹಚ್ಚುವ ಎಣ್ಣೆ ಬೇರೆ. ನೂರು ವರ್ಷದ ಹಿಂದೆ ಎಂಜಿನಿಯರುಗಳು ಇದನ್ನು ಬಿಟ್ಟದ್ದು ಮರೆವಿನಿಂದಲ್ಲ, ಜಾರಿಸುವುದರಲ್ಲಿ ಅದು ಕಡಿಮೆ ಎಂದೂ ಅಲ್ಲ. ಅದು ಪೆಟ್ರೋಲಿನೊಡನೆ ಹೊಂದುವುದಿಲ್ಲ, ಅಷ್ಟೇ. ಪೆಟ್ರೋಲು ಗೆದ್ದ ಲೋಕದಲ್ಲಿ ಅದಕ್ಕೆ ಟ್ಯಾಂಕಿನಲ್ಲಿ ಜಾಗವಿಲ್ಲದಾಯಿತು.

ಮತ್ತೆ ಅಚ್ಚಿಗೆ

ಹಾಗೆಂದು ಹರಳು ಗಾಡಿಯಿಂದ ಇಳಿದುಹೋಯಿತು ಎನ್ನುವಂತಿಲ್ಲ. ಹೈಡ್ರಾಲಿಕ್ ಬ್ರೇಕಿನ ಮೊದಲ ದ್ರವಗಳು ಹರಳೆಣ್ಣೆ ಮತ್ತು ಮದ್ಯಸಾರದ ಮಿಶ್ರಣಗಳೇ. ಫ್ರಾನ್ಸಿನಲ್ಲಿ ರೂಪುಗೊಂಡ ನೈಲಾನ್-11 ಎಂಬ ಪ್ಲಾಸ್ಟಿಕ್ಕಿನ ಮೂಲ ಹರಳೆಣ್ಣೆ. ಇಂಧನದ ಕೊಳವೆ, ಟ್ರಕ್ಕಿನ ಏರ್‌ಬ್ರೇಕ್ ಕೊಳವೆಗಳಿಗೆ ಅದನ್ನು ಬಳಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಗ್ರೀಸ್. ಹರಳೆಣ್ಣೆಗೆ ಹೈಡ್ರೋಜನ್ ಸೇರಿಸಿದರೆ ಮೇಣದಂಥ ವಸ್ತು ಸಿಗುತ್ತದೆ. ಅದರಿಂದ ಬರುವ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲವನ್ನು ಲಿಥಿಯಮ್ಮಿನೊಡನೆ ಸಾಬೂನು ಮಾಡಿ ಎಣ್ಣೆಗೆ ಬೆರೆಸಿದರೆ ಲಿಥಿಯಮ್ ಗ್ರೀಸ್. 1940ರ ದಶಕದಲ್ಲಿ ಹುಟ್ಟಿದ ಇದು ಇವತ್ತು ಜಗತ್ತಿನಲ್ಲಿ ತಯಾರಾಗುವ ಗ್ರೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು. ಆ ಹೆಸರಿನಲ್ಲಿರುವ ಹನ್ನೆರಡು, ಸರಪಳಿಯ ಹನ್ನೆರಡನೆಯ ಕಾರ್ಬನ್ನಿಗೆ ಅಂಟಿದ ಅದೇ ಕೊಕ್ಕೆ.

ಬೀಜದ ಭೂಗೋಳವೂ ಬದಲಾಗಿದೆ. 1968ರಲ್ಲಿ ಗುಜರಾತಿನಲ್ಲಿ ಜಿಸಿಎಚ್-3 ಎಂಬ ಹೈಬ್ರಿಡ್ ತಳಿ ಬಿಡುಗಡೆಯಾದ ಮೇಲೆ ಹರಳು ಅಲ್ಲಿ ನೀರಾವರಿ ಹೊಲದ ಬೆಳೆಯಾಯಿತು. ಜಗತ್ತಿನ ಹರಳೆಣ್ಣೆಯ ಬಹುಪಾಲು ಇವತ್ತು ಭಾರತದ್ದು, ಭಾರತದ ಬಹುಪಾಲು ಗುಜರಾತಿನದು. ವಾಡಿಯ ದಾರಿ ಈ ವ್ಯಾಪಾರದ ನಕ್ಷೆಯಲ್ಲಿ ಈಗ ದೊಡ್ಡದಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಕಾಣುವುದೂ ಅಪರೂಪವಾಗುತ್ತಿದೆ.

ವಡಾಲದಲ್ಲಿ ಇಂದು ದೊಡ್ಡದೊಂದು ಟ್ರಕ್ ಟರ್ಮಿನಲ್ ಇದೆ, ಮುಂಬಯಿ ಪೂರ್ವದ ಆರ್‌ಟಿಓ ಕಚೇರಿ ಇದೆ. ಪೂರ್ವ ಉಪನಗರಗಳ ಎಮ್‌ಎಚ್-03 ಫಲಕದ ಆಟೊಗಳು ನೋಂದಣಿಗೆ, ತಪಾಸಣೆಗೆ ಬರುವುದು ಇಲ್ಲಿಗೇ. ಈಗ ಅವುಗಳ ಹಿಂದೆ ನೀಲಿ ಹೊಗೆ ಕಾಣುವುದಿಲ್ಲ. ಟರ್ಮಿನಲ್ಲಿನಲ್ಲಿ ಚಕ್ರ ಬಿಚ್ಚಿ ಕೂತ ಮೆಕ್ಯಾನಿಕ್ ಹಬ್ಬಿನ ಬೇರಿಂಗಿಗೆ ಬೆರಳಿನಿಂದ ಒತ್ತಿ ತುಂಬುವ ಗ್ರೀಸಿನ ಡಬ್ಬಿಯ ಮೇಲೆ ಹರಳಿನ ಚಿತ್ರವಾಗಲೀ ಹೆಸರಾಗಲೀ ಇರುವುದಿಲ್ಲ. ಅದು ಲಿಥಿಯಮ್ ಗ್ರೀಸಾಗಿದ್ದರೆ, ಅದನ್ನು ಗಟ್ಟಿಯಾಗಿ ಹಿಡಿದಿಟ್ಟಿರುವುದು ಬಹುತೇಕ ಹರಳೇ. ಎತ್ತಿನಗಾಡಿಗೆ ಟೈರು, ಬೇರಿಂಗು ಬಂದ ಮೇಲೆ ‘ಕೀಲೆಣ್ಣೆ’ ಎಂಬ ಪದ ಹಳ್ಳಿಗಳಲ್ಲೂ ಕೇಳಿಸುವುದು ಕಡಿಮೆಯಾಗಿದೆ. ಆ ಪದ ಹೇಳುತ್ತಿದ್ದ ಕೆಲಸವನ್ನು ಹರಳು ಈಗಲೂ ಮಾಡುತ್ತಿದೆ, ಹದಿನಾರು ಟನ್ ಹೊತ್ತ ಲಾರಿಯ ಕೆಳಗೆ.